ಫೋಟೋದಲ್ಲಿ ಇರುವವರು ಮೊದಲು ನೋಡಲಿ

ಮಳೆಗಾಲದಲ್ಲಿ ಯಾರಾದರೂ ಫೋಟೋ ಪ್ರದರ್ಶನ ಇಡುತ್ತಾರಾ ಅಂತ ಕೇಳದವರಿಲ್ಲ. ಕೇಳಿದ್ದರಲ್ಲಿ ತಪ್ಪೂ ಇಲ್ಲ. ಮಂಗಳೂರಿನ ಮಳೆಗೆ ಕಾಗದ ಉಬ್ಬುತ್ತದೆ, ಗೋಡೆ ಬೆವರುತ್ತದೆ, ಲೆನ್ಸಿನೊಳಗೆ ಬೂಸ್ಟು ಹಿಡಿಯುತ್ತದೆ. ಆದರೂ ನನ್ನ ಮೊದಲ ಪ್ರದರ್ಶನ ಬರುವ ಶನಿವಾರ, ಈ ಜುಲೈಯಲ್ಲೇ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಧಕ್ಕೆಯಲ್ಲಿ, ಅಂದರೆ ಮೀನುಗಾರಿಕೆ ಬಂದರಿನಲ್ಲಿ, ಬೋಟುಗಳು ಒಂದಕ್ಕೊಂದು ಒರಗಿ ನಿಂತಿರುತ್ತವೆ. ನಾಡದೋಣಿಯ ಮೀನು, ಒಣಮೀನು ಮಾರಿ ದಿನ ದೂಡುವ ಹೆಂಗಸರಿಗೆ ಎರಡು ಗಂಟೆ ಬಿಡುವು ಸಿಗುವುದಾದರೆ ಅದು ಈಗಲೇ. ಆರು ವರ್ಷ ನಾನು ಫೋಟೋ ತೆಗೆದದ್ದು ಅವರದ್ದು. ಡಿಸೆಂಬರಿನಲ್ಲಿ ಇಟ್ಟರೆ ಕಾಗದಕ್ಕೆ ಒಳ್ಳೆಯದು, ಅವರಿಗೆ ಬರಲಿಕ್ಕೆ ಆಗುವುದಿಲ್ಲ.

ಯಾರ ಮುಖವನ್ನು ಗೋಡೆಗೆ ಹಾಕುತ್ತೇವೋ ಅವರೇ ಆ ಗೋಡೆಯ ಮುಂದೆ ಮೊದಲು ನಿಲ್ಲಬೇಕು. ಮುಖ್ಯ ಅತಿಥಿಗಿಂತ ಮೊದಲು, ಪತ್ರಿಕೆಯವರಿಗಿಂತ ಮೊದಲು, ಬೆಂಗಳೂರಿನಿಂದ ಬರುವ ಸ್ನೇಹಿತರಿಗಿಂತ ಮೊದಲು. ಇದು ನನಗೆ ಶುರುವಿನಲ್ಲೇ ಗೊತ್ತಿತ್ತು ಅಂತಲ್ಲ. ಕೆಲಸ ಮಾಡುತ್ತಾ ಮಾಡುತ್ತಾ ಗಟ್ಟಿಯಾಯಿತು.

ಪ್ರಿಂಟ್ ಮಾಡಿಸುವ ಕಷ್ಟ ಮಾಡಿಸಿದವರಿಗೇ ಗೊತ್ತು. ನನ್ನ ಕ್ಯಾಮೆರಾ 24 ಮೆಗಾಪಿಕ್ಸೆಲ್‌ನದ್ದು, ಅಂದರೆ ಅಗಲಕ್ಕೆ 6000 ಚುಕ್ಕೆ, ಎತ್ತರಕ್ಕೆ 4000. ಇಂಚಿಗೆ 300 ಚುಕ್ಕೆ ಲೆಕ್ಕ ಹಿಡಿದರೆ 20 ಇಂಚು ಅಗಲ, 200ಕ್ಕೆ ಇಳಿಸಿದರೆ 30 ಇಂಚು. ಎರಡು ಮಾರು ದೂರ ನಿಂತು ನೋಡುವವರಿಗೆ 200 ಧಾರಾಳ ಸಾಕು. ಮೊದಲ ಸಲ ಬಂದ ಹನ್ನೆರಡು ಪ್ರಿಂಟುಗಳೂ ಕಪ್ಪಾಗಿದ್ದವು. ಸೀರೆಯ ಮಡಿಕೆಗಳೆಲ್ಲ ಒಂದೇ ಕತ್ತಲೆ. ಮಾಡಿಕೊಟ್ಟವರು ಫೈಲೇ ಹಾಗಿತ್ತು ಎಂದರು. ದುಡ್ಡು ಹೋಯಿತು. ಆಮೇಲೆ ಸ್ಕ್ರೀನಿನ ಬೆಳಕನ್ನು ಅರ್ಧಕ್ಕಿಂತ ಕೆಳಗಿಳಿಸಿ ಮತ್ತೆ ಕೂತೆ. ಸ್ಕ್ರೀನ್ ತಾನೇ ಬೆಳಗುತ್ತದೆ, ಕಾಗದ ಬೇರೆ ಕಡೆಯಿಂದ ಬಿದ್ದ ಬೆಳಕಿನಲ್ಲಿ ಕಾಣಬೇಕು. ಈ ಸಣ್ಣ ವಿಷಯ ಕಲಿಯಲಿಕ್ಕೆ ಒಂದು ತಿಂಗಳು ಹಿಡಿಯಿತು.

ಫ್ರೇಮಿನಲ್ಲಿ ಪ್ರಿಂಟು ಗಾಜಿಗೆ ತಾಗಬಾರದು. ತಾಗಿದರೆ ಈ ಹವೆಗೆ ಅಂಟಿಕೊಂಡು ಬಿಡುತ್ತದೆ, ಎಬ್ಬಿಸಿದರೆ ಶಾಯಿ ಸಮೇತ ಎದ್ದು ಬರುತ್ತದೆ. ನಡುವೆ ಆಮ್ಲವಿಲ್ಲದ ಮೌಂಟ್ ಬೋರ್ಡ್ ಇಡಿಸಿದೆ, ಹಿಂದೆ ನಾಲ್ಕು ಮೂಲೆಗೆ ರಬ್ಬರ್ ಗುಂಡಿ ಅಂಟಿಸಿದೆ. ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡಬೇಕಲ್ಲ.

ಫ್ರೇಮ್ ನೋಡಿ ಬೆಂಗ್ರೆಯ ಅಕ್ಕ ಒಬ್ಬರು ಹಿಂದೆ ಸರಿದರು. ದಿನಾ ಫೆರಿ ಹತ್ತಿ ಹೊಳೆ ದಾಟಿ ಬರುವವರು, ನನ್ನ ಮೊದಲ ಫೋಟೋ ಅವರದ್ದೇ. "ಗಾಜು ಹಾಕಿ ಗೋಡೆಗೆ ನೇತು ಹಾಕ್ಲಿಕ್ಕೆ ನಾನಿನ್ನೂ ಸಾಯ್ಲಿಲ್ಲ ಮಾರಾಯ್ತಿ!" ಹೌದು, ನಮ್ಮ ಮನೆಗಳ ಚಾವಡಿಯಲ್ಲಿ ಅಷ್ಟು ದೊಡ್ಡ ಫೋಟೋ ಏರುವುದು ತೀರಿಕೊಂಡವರದ್ದು, ಮೇಲೊಂದು ಹಾರದೊಂದಿಗೆ. ನನಗದು ಹೊಳೆದೇ ಇರಲಿಲ್ಲ. ಉದ್ಘಾಟನೆಗೆಂದು ಬರೆದಿಟ್ಟಿದ್ದ ಚೆಂಡುಹೂವಿನ ಅಲಂಕಾರವನ್ನು ಅವತ್ತೇ ಹೊಡೆದು ಹಾಕಿದೆ. ಒಂದು ಎಸಳೂ ಬೇಡ.

ಆಯ್ಕೆಯ ವಿಷಯಕ್ಕೆ ಬಂದಾಗ ಸ್ನೇಹಿತರ ಜತೆ ಜಗಳವೇ ಆಯಿತು. ಸಾವಿರಾರು ಫೋಟೋಗಳಲ್ಲಿ ಇನ್ನೂರನ್ನು ಅಂಗೈಯಗಲ ಪ್ರಿಂಟ್ ಹಾಕಿಸಿ ಮನೆಯ ನೆಲದ ಮೇಲೆ ಹರಡಿಕೊಂಡು ಕೂತಿದ್ದೆ. ಕೊನೆಗೆ ಉಳಿದದ್ದು 28. ನನಗೆ ಬಹುಮಾನ ತಂದುಕೊಟ್ಟ ಫೋಟೋ ಅದರಲ್ಲಿಲ್ಲ. ಮಧ್ಯಾಹ್ನದ ಹೊತ್ತು, ಖಾಲಿ ಬುಟ್ಟಿಗೆ ತಲೆ ಕೊಟ್ಟು ಬಾಯಿ ತೆರೆದು ಮಲಗಿದ ಹೆಂಗಸು, ಕೈಬೆರಳಿನಲ್ಲಿ ಇನ್ನೂ ಒಂದು ಮೀನಿನ ಹುರುಪೆ. ಬೆಳಕು ಅದ್ಭುತ. ಆಕೆಗೆ ತೋರಿಸಿದಾಗ ತುಂಬಾ ಹೊತ್ತು ನೋಡಿ, "ಇದೊಂದು ಬೇಡ, ಮಗನಿಗೆ ಹೆಣ್ಣು ನೋಡ್ತಾ ಇದ್ದೇವೆ" ಎಂದರು. ತೆಗೆದೆ. ಒಂದು ಮಾತಲ್ಲಿ ತೆಗೆದೆ. ಕಲಾವಿದರ ಸ್ವಾತಂತ್ರ್ಯ ಏನಾಯಿತು ಅಂತ ಕೇಳಿದವರಿಗೆ ನನ್ನ ಉತ್ತರ ಇಷ್ಟೇ: ನಿದ್ದೆಯಲ್ಲಿದ್ದವರ ಹತ್ತಿರ ನಾನು ಒಪ್ಪಿಗೆ ಕೇಳಿರಲಿಲ್ಲ. ಎಚ್ಚರವಾದ ಮೇಲೆ ಸಿಕ್ಕಿದ ಉತ್ತರವೇ ಉತ್ತರ. ಬಹುಮಾನಕ್ಕೆ ಕಳಿಸುವ ಮೊದಲೇ ಕೇಳಬೇಕಿತ್ತು, ಆ ನೋವು ನನಗೆ ಉಂಟು.

ಎತ್ತರದ ಬಗ್ಗೆಯೂ ಹೇಳಬೇಕು. ಚಿತ್ರದ ನಡುಭಾಗ ನೆಲದಿಂದ 57ರಿಂದ 60 ಇಂಚು ಮೇಲಿರಬೇಕು ಅನ್ನುವುದು ಗ್ಯಾಲರಿಗಳ ರೂಢಿ. ನಾನು ಚಿಕ್ಕವಳಿದ್ದಾಗ ಗೋಡೆಯ ಚಿತ್ರ ಅಂತ ನೋಡಿದ್ದು ಇಲ್ಲಿನ ಅಲೋಶಿಯಸ್ ಚಾಪೆಲ್‌ನಲ್ಲಿ, ಇಟಲಿಯ ಚಿತ್ರಕಾರ ಆಂಟೋನಿಯೊ ಮೊಸ್ಕೇನಿ 1899ರಲ್ಲಿ ಬರೆಯಲು ಹಿಡಿದ ಚಿತ್ರಗಳು. ಕುತ್ತಿಗೆ ನೋಯುವವರೆಗೆ ತಲೆ ಎತ್ತಿ ನೋಡಿದ್ದೆ. ಅವು ಸಂತರ ಚಿತ್ರಗಳು, ಹಾಗೇ ನೋಡಬೇಕು. ಇವು ಹಾಗಲ್ಲ. ಬುಟ್ಟಿ ಹೊತ್ತು ಹೊತ್ತು ಬೆನ್ನು ಬಾಗಿದವರು ಕತ್ತು ಎತ್ತದೆ ತಮ್ಮ ಮುಖ ನೋಡಬೇಕು. 54 ಇಂಚಿಗೆ ಇಳಿಸಿದೆ. ಗ್ಯಾಲರಿಯವರು ಮೊದಲು ಹಿಂಜರಿದರು, ಆಮೇಲೆ ಅವರೇ ಏಣಿ ಹಿಡಿದು ನಿಂತರು.

ನಿನ್ನೆ ಮಧ್ಯಾಹ್ನ ಮಳೆ ಸ್ವಲ್ಪ ಬಿಟ್ಟಿತ್ತು. ಒಂಬತ್ತು ಜನ ಬಂದರು. ಕೊಡೆಗಳನ್ನು ಬಾಗಿಲಲ್ಲೇ ಒರಗಿಸಿ, ಚಪ್ಪಲಿ ಬಿಡಬೇಕಾ ಎಂದು ಕೇಳಿದರು. ಬೇಡ ಎಂದರೂ ಬಿಟ್ಟೇ ಬಂದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು ಗಾಜಿನ ಮೇಲೆ ಬೆರಳಿಟ್ಟು "ಉಂದು ಎನ್ನ ಕೈ" ಎಂದರು, ತುಳುವಿನಲ್ಲಿ, ಇದು ನನ್ನ ಕೈ ಅಂತ. ಮುಖ ಕಾಣದ ಫೋಟೋ ಅದು, ಐಸಿನ ಪುಡಿಯೊಳಗೆ ಇಳಿದ ಬರೀ ಕೈಗಳು. ಬಳೆ ನೋಡಿ ಗುರುತು ಹಿಡಿದಿದ್ದರು.

ಬೆಂಗ್ರೆಯ ಅಕ್ಕ ಹನ್ನೊಂದನೇ ಫೋಟೋ ಮುಂದೆ ನಿಂತು ಕೆಳಗಿನ ಬರಹವನ್ನು ಅಕ್ಷರ ಕೂಡಿಸಿ ಓದಿದರು. "ಬೆಳಗಿನ ಹರಾಜು, ಧಕ್ಕೆ." ತಲೆ ಅಲ್ಲಾಡಿಸಿದರು. "ಹರಾಜಲ್ಲ ಇದು. ಹರಾಜು ಮುಗಿದಾಗಿದೆ. ಒಬ್ಬೊಬ್ಬರಿಗೆ ಅಷ್ಟು ದುಡ್ಡು ಹಾಕ್ಲಿಕ್ಕೆ ಆಗ್ತದಾ? ಐದು ಜನ ಸೇರಿ ಒಂದು ಲಾಟು ತೆಗೆದುಕೊಂಡು ಪಾಲು ಮಾಡ್ತಾ ಇದ್ದೇವೆ. ನೋಡು, ರಾಶಿ ಎಷ್ಟುಂಟು?"

ಎಣಿಸಿದೆ. ಐದು. ಐದೂ ಸರಿಸಮ. ಐದನೆಯ ರಾಶಿಯಿಂದ ನಾಲ್ಕನೆಯದಕ್ಕೆ ಒಂದು ಬಂಗುಡೆಯನ್ನು ದಾಟಿಸುತ್ತಿರುವ ಕೈ ಫೋಟೋದ ನಟ್ಟನಡುವೆ ಉಂಟು. ಆರು ವರ್ಷ ಅದನ್ನು ನಾನು ಹರಾಜೆಂದೇ ನೋಡಿದ್ದೆ.

ಆ ಚೀಟಿಯನ್ನು ಅಲ್ಲೇ ಕಿತ್ತೆ. ಉಳಿದ 27 ಬರಹಗಳನ್ನೂ ಈಗ ಅವರ ಹತ್ತಿರ ಓದಿಸುತ್ತಿದ್ದೇನೆ. ಹದಿನಾಲ್ಕು ಮುಗಿದಿವೆ, ಆರು ಬದಲಾದವು. ನಾಳೆ ಬೆಳಿಗ್ಗೆ ಮತ್ತೆ ಫೆರಿ ಹತ್ತಿ ಬೆಂಗ್ರೆಗೆ ಹೋಗಬೇಕು.