ರಾಂಗ್ ನಂಬರ್ ಇಲ್ಲದ ಹೇರಾ ಫೇರಿ

ಬೆಳಗ್ಗೆ ಎದ್ದು ಫೇಸ್‌ಬುಕ್ ತೆರೆದರೆ ಮತ್ತೆ ಅದೇ ಪೋಸ್ಟು, ಹಿಂದಿಯ ಹಾಸ್ಯಚಿತ್ರ ‘ಹೇರಾ ಫೇರಿ’ ಮತ್ತು ಅದರ ಎರಡನೇ ಭಾಗದ ಬಗ್ಗೆ. ‘ಹೇರಾ ಫೇರಿಗಿಂತ ಫಿರ್ ಹೇರಾ ಫೇರಿನೇ ಸೂಪರ್, ಒಪ್ಪುವವರು ಲೈಕ್ ಒತ್ತಿ’. ಒತ್ತಿದವರಲ್ಲಿ ನನ್ನ ಸ್ನೇಹಿತರ ಪಟ್ಟಿಯ ಘನ ಸಿನಿಮಾಭಿಮಾನಿಗಳೂ ಇದ್ದಾರೆ. ಹೆಸರು ಹೇಳಲ್ಲ, ಅವರಿಗೆ ಗೊತ್ತಾಗುತ್ತೆ.

ಸ್ವಾಮಿ, ಸಿನಿಮಾ ಬೇರೆ, ವಾಟ್ಸಾಪ್ ಸ್ಟಿಕ್ಕರ್ ಬೇರೆ. 21 ದಿನದಲ್ಲಿ ದುಡ್ಡು ಡಬಲ್, ಓವರ್ ಆ್ಯಕ್ಟಿಂಗಿಗೆ 50 ರೂಪಾಯಿ ಕಟ್, ಎಲ್ಲ ಎರಡನೆಯದರಿಂದಲೇ ಬಂದದ್ದು, ಒಪ್ಪಿದೆ. ಮೂವತ್ತು ಸೆಕೆಂಡಿನ ತುಣುಕಿಗೆ ನಗುವುದೂ ಎರಡೂವರೆ ಗಂಟೆಯ ಕಥೆ ನಗಿಸುವುದೂ ಒಂದೇ ಲೆಕ್ಕವಾ?

2000ದ ಮೊದಲ ಚಿತ್ರದ ಇಂಜಿನ್ ಯಾವುದು ಅಂತ ಒಮ್ಮೆ ಬಾನೆಟ್ ಎತ್ತಿ ನೋಡಿ. ಸ್ಟಾರ್ ಗ್ಯಾರೇಜಿನ ಮಾಲೀಕ ಬಾಬುರಾವ್ ಮನೆಯ ಒಂದು ಲ್ಯಾಂಡ್‌ಲೈನ್ ಫೋನ್. ಡೈರೆಕ್ಟರಿಯಲ್ಲಿ ಸ್ಟಾರ್ ಗ್ಯಾರೇಜ್, ಸ್ಟಾರ್ ಫಿಶರೀಸ್ ಎರಡರ ನಂಬರ್ ಅದಲು ಬದಲಾಗಿದೆ. ಮೀನಿನ ವ್ಯಾಪಾರದ ಕರೆಗಳೆಲ್ಲ ಗ್ಯಾರೇಜಿಗೆ ಬಂದು ಬೀಳುತ್ತವೆ, ಬಾಬುರಾವ್ ಬೈದು ಬೈದು ಇಡುತ್ತಾನೆ. ನಾವು ಅದನ್ನು ಬರೀ ಜೋಕ್ ಅಂದುಕೊಂಡು ನಗುತ್ತಾ ಕೂತಿರುತ್ತೇವೆ. ಆಮೇಲೊಂದು ದಿನ ಅದೇ ಫೋನಿಗೆ ಅಪಹರಣಕಾರ ಕಬೀರಾನ ಕರೆ ಬರುತ್ತೆ: ಫಿಶರೀಸ್ ಮಾಲೀಕ ದೇವಿಪ್ರಸಾದನ ಮೊಮ್ಮಗಳನ್ನು ಎತ್ತಿಕೊಂಡು ಹೋಗಿದ್ದೇವೆ, ದುಡ್ಡು ಕೊಡು. ಬಾಬುರಾವ್‌ನ ಬಾಡಿಗೆದಾರ ರಾಜು ತಲೆ ಓಡಿಸುತ್ತಾನೆ. ಅಪಹರಣಕಾರನ ಹತ್ತಿರ ತಾನೇ ಮನೆಯವನು, ಮನೆಯವನ ಹತ್ತಿರ ತಾನೇ ಅಪಹರಣಕಾರ, ಕೇಳಿದ್ದರ ದುಪ್ಪಟ್ಟು ವಸೂಲಿ ಮಾಡಿ ನಡುವಿನದು ಜೇಬಿಗೆ. ಒಂದು ಫೋನು, ಎರಡೂ ಕಡೆ ಸುಳ್ಳು. ಮೊದಲರ್ಧದಲ್ಲಿ ನಗಿಸಿದ ವಸ್ತುವೇ ಇಂಟರ್ವಲ್ ಆದಮೇಲೆ ಕಥೆ ಎಳೆಯುತ್ತೆ. ಬಿತ್ತನೆ ಅಂದರೆ ಇದು.

ಮೂವರ ಕಷ್ಟಕ್ಕೂ ಅಳತೆ ಇದೆ ಅಲ್ಲಿ. ಅದೇ ಮನೆಯ ಇನ್ನೊಬ್ಬ ಬಾಡಿಗೆದಾರ ಶ್ಯಾಮನಿಗೆ ತೀರಿಹೋದ ಅಪ್ಪನ ಬ್ಯಾಂಕ್ ಕೆಲಸ ಸಿಗಬೇಕು, ಅದೇ ಕೆಲಸಕ್ಕೆ ತಬುವಿನ ಅನುರಾಧಾ ಕೂಡ ಅರ್ಜಿದಾರಳು. ಬೆನ್ನಿಗೆ ಖಡಕ್ ಸಿಂಗನ ಸಾಲ. ರಾಜು ಬಾಡಿಗೆ ಕೊಡಲ್ಲ, ವೃದ್ಧಾಶ್ರಮದಲ್ಲಿರುವ ತಾಯಿಗೆ ತಾನು ಇಂಜಿನಿಯರ್ ಅಂತ ಸುಳ್ಳು ಹೇಳಿಟ್ಟಿದ್ದಾನೆ. ಬಾಬುರಾವ್‌ಗೆ ದಪ್ಪ ಕನ್ನಡಕ, ಸಂಜೆಯ ಬಾಟಲಿ, ಬಾರದ ಬಾಡಿಗೆ. ಈ ಪಾತ್ರಕ್ಕೇ ಪರೇಶ್ ರಾವಲ್ ಫಿಲ್ಮ್‌ಫೇರ್ ಗೆದ್ದದ್ದು. ಹಸಿದವರು ಹೇಳುವ ಸುಳ್ಳಾದ್ದರಿಂದ ನಗು ಬರುತ್ತೆ, ಜೊತೆಗೆ ಎದೆ ಸ್ವಲ್ಪ ಚುರ್ ಅನ್ನುತ್ತೆ.

ಈಗ 2006ಕ್ಕೆ ಬನ್ನಿ. ಫೋನ್ ಎಲ್ಲಿ?

ಮೊದಲನೆಯದರ ಕೊನೆಗೆ ಮೂವರೂ ಸಾಹುಕಾರರಾಗಿಬಿಟ್ಟಿದ್ದಾರೆ. ಎರಡನೆಯದನ್ನು ಬರೆಯಲು ಕೂತವನ ಮೊದಲ ತಲೆನೋವೇ ಅದು: ಮತ್ತೆ ಬೀದಿಗೆ ತರಬೇಕು. ಅದಕ್ಕೆ ದುಡ್ಡು ಡಬಲ್ ಮಾಡುವ ಮೋಸದ ಚಿಟ್ ಫಂಡ್, ಅದರಲ್ಲಿ ಹಾಕಲು 1 ಕೋಟಿ, ಆ ದುಡ್ಡಿಗೆ ಬಂಗಲೆ ಮಾರಾಟ, ಪಪ್ಪು ಅನ್ನುವವನ ಮೂಲಕ ಗೂಂಡಾ ತಿವಾರಿಯ ಸಾಲ. ಬೀದಿಗೆ ಬರುವಷ್ಟರಲ್ಲಿ ಸಿನಿಮಾದ ಒಳ್ಳೆ ಪಾಲು ಮುಗಿದಿರುತ್ತೆ. ಮೋಸ ಮಾಡುವ ಬಿಪಾಶಾ ಪಾತ್ರದ ಹೆಸರೂ ಅನುರಾಧಾ! ತಬುವಿನ ಪಾತ್ರ ಹೋಯಿತು, ಹೆಸರು ಮಾತ್ರ ಉಳಿಯಿತು. ಸೀಕ್ವೆಲ್‌ಗಳ ಹಣೆಬರಹ ಇಷ್ಟೇ ಸಾಲಿನಲ್ಲಿ ಬರೆದ ಹಾಗಿದೆ.

ಆಮೇಲೆ ಗ್ಯಾಂಗುಗಳ ಮೆರವಣಿಗೆ. ಮೊದಲನೆಯದರಲ್ಲಿ ಒಬ್ಬ ಕಬೀರಾ ಸಾಕಾಗಿತ್ತು. ಇಲ್ಲಿ ತಿವಾರಿ, ನಾಂಜಿಭಾಯಿ, ಕಚರಾ ಸೇಠ್, ಸಾಲದ್ದಕ್ಕೆ ಜಾನಿ ಲೀವರ್. ಹೊಸ ಗ್ಯಾಂಗ್ ಬಂದಾಗಲೆಲ್ಲ ಪರಿಚಯದ ದೃಶ್ಯ ಬೇಕು, ಆಗೆಲ್ಲ ನಮ್ಮ ಮೂವರು ಪಕ್ಕಕ್ಕೆ. ಬಹಳ ಪೆಟ್ಟು ಬಿದ್ದದ್ದು ನಮ್ಮ ಮೂಲ್ಕಿಯ ಸುನಿಲ್ ಶೆಟ್ಟಿಗೆ. ಮೊದಲನೆಯದರಲ್ಲಿ ಕಥೆಯ ನೋವೆಲ್ಲ ಶ್ಯಾಮನ ಹೆಗಲ ಮೇಲಿತ್ತು, ಇಲ್ಲಿ ಅವನು ಉಳಿದಿಬ್ಬರ ಜೋಕಿಗೆ ಮುಖ ಗಂಟಿಕ್ಕುವ ಕಂಬ. ಮೊದಲ ಚಿತ್ರದ ಗಲಾಟೆಯಲ್ಲಿ ಬಂದು ಡಿಕ್ಕಿ ಹೊಡೆಯುವ ಖಡಕ್ ಸಿಂಗ್ ನಮಗೆ ಮೊದಲೇ ಗೊತ್ತಿರುವ ಆಸಾಮಿ. ಎರಡನೆಯದರಲ್ಲಿ ಸರ್ಕಸ್ಸು, ಗೊರಿಲ್ಲಾ. ಗೊರಿಲ್ಲಾ ಬಂತು ಅಂದರೆ ಬರೆಯುವವನ ಹತ್ತಿರ ಸರಕು ಖಾಲಿ ಅಂತಲೇ ಅರ್ಥ.

‘ಅದು ಬೇರೆ ಥರದ ಸಿನಿಮಾ, ಹುಚ್ಚಾಟವೇ ಅದರ ಮಜಾ, ಲಾಜಿಕ್ ಯಾಕೆ’ ಅನ್ನುವವರಿದ್ದಾರೆ. ಅಯ್ಯೋ, ಹುಚ್ಚಾಟಕ್ಕೇ ಕಣ್ರೀ ಜಾಸ್ತಿ ಲೆಕ್ಕ ಬೇಕಾದ್ದು! ಬಂದೂಕು ಯಾರ ಕೈಯಲ್ಲಿದೆ, ಮಾದಕದ ಮಾಲು ಯಾರ ಹತ್ತಿರ, ಯಾರಿಗೆ ಏನು ಗೊತ್ತಿಲ್ಲ ಅನ್ನುವುದು ನೋಡುವವನಿಗೆ ಪಕ್ಕಾ ಗೊತ್ತಿದ್ದರೆ ಮಾತ್ರ ಗೊಂದಲಕ್ಕೆ ನಗು ಬರುತ್ತೆ. ಅವನಿಗೂ ಗೊಂದಲವಾದರೆ ಉಳಿಯುವುದು ಗದ್ದಲ ಅಷ್ಟೇ.

ಬರೆದವರಿಗೆ ಬರಲಿಲ್ಲ ಅಂತಲ್ಲ. ಮೊದಲನೆಯದನ್ನು ಪ್ರಿಯದರ್ಶನ್‌ಗೆ ಬರೆದುಕೊಟ್ಟ ನೀರಜ್ ವೋರಾ ಅವರೇ ಎರಡನೆಯದರ ನಿರ್ದೇಶಕರು. ವ್ಯತ್ಯಾಸ ಅಡಿಪಾಯದ್ದು. ಮೊದಲನೆಯದರ ಕೆಳಗೆ ಸಿದ್ದಿಕ್-ಲಾಲ್ ಜೋಡಿಯ 1989ರ ಮಲಯಾಳಂ ಚಿತ್ರ ‘ರಾಮ್‌ಜಿ ರಾವ್ ಸ್ಪೀಕಿಂಗ್’ ಇತ್ತು. ಹೆಸರಲ್ಲೇ ಫೋನ್ ಇದೆ ನೋಡಿ! ಮಲಯಾಳಂನಲ್ಲಿ ಅದಕ್ಕೆ 1995ರಲ್ಲೇ ಎರಡನೇ ಭಾಗವೂ ಬಂತು. ಹಿಂದಿಯವರು ಅತ್ತ ಹೋಗದೆ, ಸಾಲದ ಸುಳಿ ಮತ್ತು ಹಳೆಗಾಲದ ಬಂದೂಕುಗಳ ಎಳೆಯನ್ನು ಒಂದು ಬ್ರಿಟಿಷ್ ಚಿತ್ರದಿಂದ ತಂದು ಕೂಡಿಸಿದರು. ಬೆಸುಗೆ ಹಾಕಿದ ಜಾಗ ಎದ್ದು ಕಾಣುತ್ತೆ.

ಸರಿ, ತಪ್ಪೊಪ್ಪಿಗೆ ಒಂದಿದೆ. ಎರಡನೆಯದರ ಕೊನೆಯ ದೃಶ್ಯಕ್ಕೆ ನಾನು ಸೋತಿದ್ದೇನೆ. ರಾಜು ಸೇತುವೆ ಮೇಲೆ, ಎಸೆಯಲು ತಂದ ಬಂದೂಕುಗಳು ಕೈಯಲ್ಲಿ, ಮೊಬೈಲ್ ಬಾಯಲ್ಲಿ, ಅವುಗಳ ಬೆಲೆ ಎಷ್ಟು ಅಂತ ಹೇಳಲು ಆ ಕಡೆಯಿಂದ ಕರೆ. ಅಲ್ಲಿಗೆ ಸಿನಿಮಾ ಖತಂ. ಇಡೀ ಚಿತ್ರದಲ್ಲಿ ಫೋನು ಕೆಲಸ ಮಾಡಿದ್ದು ಅದೊಂದೇ ಸಲ, ನೋಡಿ ಹೇಗೆ ಕಚ್ಚಿಕೊಂಡಿದೆ ತಲೆಗೆ!

2025ರಲ್ಲಿ ಮೂರನೆಯದನ್ನು ಪ್ರಿಯದರ್ಶನ್ ಮಾಡುತ್ತಾರೆ ಅಂದರು, ಮೇನಲ್ಲಿ ಪರೇಶ್ ರಾವಲ್ ಹೊರಗೆ ಅಂದರು, ಜೂನಲ್ಲಿ ವಾಪಸ್ ಅಂದರು. ಊರೆಲ್ಲ ‘ಬಾಬುರಾವ್ ಬಂದ’ ಅಂತ ಪಟಾಕಿ. ಡೈರೆಕ್ಟರಿಯ ಆ ಅಚ್ಚಿನ ತಪ್ಪನ್ನು ಯಾರಾದರೂ ವಾಪಸ್ ಕರೆದರಾ?

ಕಾಮೆಂಟಲ್ಲಿ ನನ್ನ 50 ರೂಪಾಯಿ ಕಟ್ ಮಾಡಲು ಬರುವವರು ಮೊದಲನೆಯದರ ಮೊದಲ ಒಂದು ಗಂಟೆ ನೋಡಿ, ರಾಂಗ್ ನಂಬರ್ ಎಷ್ಟು ಸಲ ಬಂತು ಅಂತ ಎಣಿಸಿಕೊಂಡು ಬನ್ನಿ.