ಫ್ಲೆಕ್ಸ್ ಕಿತ್ತಿದ್ದು ಕೋರ್ಟು, ಕಲಾವಿದ ಯಾರು?

ಜಾಹೀರಾತಿನ ವಿರುದ್ಧ ಬೆಂಗ್ಳೂರಲ್ಲಿ ಆಗಿರೋ ಅತಿ ದೊಡ್ಡ ಸ್ಟ್ರೀಟ್ ಆರ್ಟ್ ಯಾರ್ದು ಅಂದ್ರೆ ನಾನಂತೂ ಹೈಕೋರ್ಟ್ದು ಅಂತೀನಿ. 2018ರ ಆಗಸ್ಟಲ್ಲಿ ಫ್ಲೆಕ್ಸ್ ಕಿತ್ತಾಕಿ ಅಂತ ಕೋರ್ಟ್ ಗದರಿದ್ದೇ ತಡ, ಅಲ್ಲೀವರೆಗೂ ಕಣ್ಣಿಗೇ ಬೀಳದಿದ್ದ ಫ್ಲೆಕ್ಸುಗಳು ಬಿಬಿಎಂಪಿಯವ್ರಿಗೆ ಒಂದೇ ಸಲಕ್ಕೆ ಕಾಣೋಕ್ ಶುರುವಾಗಿ, ಹುಟ್ಟುಹಬ್ಬದ ಅಣ್ಣಂದ್ರು, ಅವ್ರ ಕಾಲ್ಕೆಳಗೆ ಪಾಸ್‌ಪೋರ್ಟ್ ಸೈಜಲ್ಲಿ ಸಾಲಾಗಿ ನಿಂತ ಶುಭ ಕೋರುವ ಹುಡುಗ್ರು, ಎಲ್ರೂ ಲಾರಿ ಹತ್ತಿದ್ರು. ಉಳಿದಿದ್ದು ಕಬ್ಬಿಣದ ಖಾಲಿ ಫ್ರೇಮು, ಅದ್ರೊಳಗೆ ಬರೀ ಆಕಾಶ. ಸೈನ್ ಹಾಕೋಕೆ ಮಾತ್ರ ಯಾವ ಕಲಾವಿದನೂ ಬರ್ಲಿಲ್ಲ.

ಅದೇ ವರ್ಷ ಅಕ್ಟೋಬರಲ್ಲಿ ಲಂಡನ್ನಿನ ಸದಬೀಸ್ ಹರಾಜಲ್ಲಿ, ಬೀದಿ ಗೋಡೆ ಮೇಲೆ ಚಿತ್ರ ಬರ್ದು ಹೆಸ್ರಾದ ಬ್ಯಾಂಕ್ಸಿಯ ಚಿತ್ರ ಸುಮಾರು 10 ಲಕ್ಷ ಪೌಂಡಿಗೆ ಹೋಗಿ, ಹೋದ ತಕ್ಷಣ ಫ್ರೇಮೊಳಗಿನ ಮಷೀನು ಅದನ್ನ ಅರ್ಧ ಹರಿದುಹಾಕ್ತು, ದುಡ್ಡಿನ ಹುಚ್ಚನ್ನ ಆಡ್ಕೊಳ್ಳೋಕೆ. 2021ರಲ್ಲಿ ಆ ಹರಿದಿದ್ದೇ 1.85 ಕೋಟಿ ಪೌಂಡಿಗೆ ಹೋಯ್ತು. ನಮ್ಮೋರು ಲಾರಿಗಟ್ಲೆ ಹರಿದ್ರಲ್ಲ ಸ್ವಾಮಿ, ಒಬ್ನೂ ಹರಾಜು ಕೂಗ್ಲಿಲ್ಲ.

ಹರಿದ ಫ್ಲೆಕ್ಸ್ ಸುಮ್ನೆ ಹೋಗಲ್ಲ ಬಿಡಿ. ಸರ್ಜಾಪುರ ರೋಡ್ ಕಡೆ ಕಟ್ಟಡ ಕೆಲಸದವ್ರ ಶೆಡ್ ನೋಡಿ, ತಗಡಿನ ಮೇಲೆ ಹೊದಿಸಿರೋದೇ ಅಪಾರ್ಟ್‌ಮೆಂಟ್ ಫ್ಲೆಕ್ಸು, ‘3 ಬಿಎಚ್‌ಕೆ, ಲಕ್ಷುರಿ ಅಂದ್ರೆ ಇದು’ ಅಂತ, ಪಕ್ಕದಲ್ಲಿ ನೀಲಿ ಸ್ವಿಮ್ಮಿಂಗ್ ಪೂಲು. ಮಳೆ ನೀರು ನಿಲ್ಲೋದೂ ಸರಿಯಾಗಿ ಆ ಪೂಲ್ ಮೇಲೇ, ಸೋರೋದೂ ಅಲ್ಲಿಂದ್ಲೇ, ಕೆಳಗೆ ಒಂದ್ ಅಲ್ಯುಮಿನಿಯಂ ಪಾತ್ರೆ ಇಟ್ಟಿದಾರೆ. ಇದಕ್ಕಿಂತ ಕಟುವಾದ ವಿಡಂಬನೆ ಯಾವ ಗ್ಯಾಲರಿಲಿ ಇದೆ ಹೇಳಿ.

ಬೇಕಂತ್ಲೇ ಮಾಡೋರೂ ಇದಾರೆ. ಕಲಾವಿದ ಬಾದಲ್ ನಂಜುಂಡಸ್ವಾಮಿಯವ್ರು 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಗೆ ಬೊಂಬೆ ಮೊಸಳೆ ಬಿಟ್ರು, 2019ರಲ್ಲಿ ಹೇರೋಹಳ್ಳಿ ಹತ್ರ ಗುಂಡಿ ರೋಡಲ್ಲಿ ಚಂದ್ರನ ಮೇಲೆ ನಡೆದಂಗೆ ಗಗನಯಾತ್ರಿ ವೇಷದವ್ರನ್ನ ನಡೆಸಿದ್ರು, ವಿಡಿಯೋ ವೈರಲ್ ಆಯ್ತು, ರೋಡ್ ರಿಪೇರಿಗೂ ಬಂದ್ರು. ಆ ಮೊಸಳೆ ಬೆನ್ನ ಮೇಲೆ ಯಾವ್ದಾದ್ರೂ ಸಿಮೆಂಟ್ ಕಂಪನಿ ಹೆಸ್ರಿದ್ದಿದ್ರೆ ಪಾಪ ಇವತ್ತಿಗೂ ಅಲ್ಲೇ ಇರ್ತಿತ್ತೇನೋ.

ಗೋಡೆ ಮೇಲೆ ಏನಾದ್ರೂ ಬರೀಬೇಕು ಅಂದ್ಕೊಂಡಿರೋ ಹುಡುಗ್ರು ಒಂದ್ ತಿಳ್ಕೊಳ್ಳಿ, ಊರಿನ ಅಂದ ಕೆಡಿಸಿದ್ರೆ ಅಂತ 1981ರ ಕಾನೂನಿದೆ, ಆರು ತಿಂಗಳವರೆಗೂ ಜೈಲು, ಇಲ್ಲಾ 1,000 ರೂಪಾಯಿವರೆಗೂ ದಂಡ, ಎರಡೂ ಆಗ್ಬೋದು. ಅಣ್ಣನ ಹುಟ್ಟುಹಬ್ಬಕ್ಕೆ ಕಂಬ ಕಂಬಕ್ಕೂ ಕಟ್ಟೋದು ಅಂದ ಕೆಡಿಸೋದಲ್ಲ, ಅಭಿಮಾನ.

ಸೇಫಾಗಿ ಕ್ರಾಂತಿ ಮಾಡ್ಬೇಕಂದ್ರೆ ಇಂದಿರಾನಗರದ ಕೆಫೆಗಳೇ ಗತಿ. ಅಂಥ ಒಂದ್ರಲ್ಲಿ ಗೋಡೆ ತುಂಬಾ ಮ್ಯೂರಲ್ಲು, ಶಾಪಿಂಗ್ ಬ್ಯಾಗ್ ಹೊತ್ತು ಗೂನಾಗಿರೋ ಮನುಷ್ಯ, ಮೇಲೆ ದಪ್ಪಕ್ಷರದಲ್ಲಿ ‘ಸಾಕು, ಕೊಳ್ಳೋದ್ ನಿಲ್ಸಿ’. ಸೆಲ್ಫಿಗೆ ಕ್ಯೂ. ಕ್ಯೂ ಮುಗಿಯೋ ಜಾಗದಲ್ಲಿ ಅದೇ ಚಿತ್ರದ ಟೀ ಶರ್ಟು, ಒಂದಕ್ಕೆ 1,499, ಎರಡ್ ತಗೊಂಡ್ರೆ ಮೂರನೇದು ಫ್ರೀ.