ಪೆಡಲ್ ಬೇರೆ ತಗೋಬೇಕು ಸಾರ್

ನಮ್ಮ ಅಡುಗೆಮನೆಯಲ್ಲಿ ಒಂದು ಡಿಜಿಟಲ್ ತಕ್ಕಡಿ ಇದೆ. ಕೇಕಿಗೆ ಮೈದಾ ತೂಗಲಿ ಅಂತ ತಂದಿದ್ದು. ಎರಡು ವರ್ಷದಿಂದ ಅದರ ಮೇಲೆ ಮೈದಾ ಬಿದ್ದಿಲ್ಲ. ಸೈಕಲ್ ಸೀಟಿನ ಬೋಲ್ಟು, ಬಾಟಲಿ ಕೇಜು, ಹ್ಯಾಂಡಲ್ ಟೇಪು, ಟ್ಯೂಬು, ಇವೇ ಬೀಳುತ್ತಿವೆ. ಮೊನ್ನೆ ಭಾನುವಾರ ಬೆಳಗಿನ ಜಾವ ನಾಲ್ಕೂವರೆಗೆ ಅಲ್ಲಿ ನಿಂತು, ಹಳೇ ಬೋಲ್ಟು 11 ಗ್ರಾಂ, ಟೈಟೇನಿಯಂ ಬೋಲ್ಟು 6 ಗ್ರಾಂ ಅಂತ ಫೋನಿನಲ್ಲಿ ಬರೆದುಕೊಳ್ಳುತ್ತಿದ್ದೆ. ನೀರು ಕುಡಿಯಲು ಎದ್ದು ಬಂದ ಹೆಂಡತಿ ಲೈಟ್ ಹಾಕಿ ನೋಡಿದಳು.

"ಏನ್ರೀ ಅದು, ಬಂಗಾರಾನಾ?"

"ಅಲ್ಲ, ಬೋಲ್ಟು."

"ಎಷ್ಟು?"

ಹೇಳಿದೆ.

"ಬಂಗಾರಾನೇ ತಗೋಬಹುದಿತ್ತು" ಅಂದು ಲೈಟ್ ಆರಿಸಿ ಹೋದಳು. ನಾನಿನ್ನೂ ಅಲ್ಲೇ ನಿಂತಿದ್ದೆ.

ಎಲ್ಲದರ ತೂಕ ಹೇಳುವವನು ನನ್ನದೂ ಹೇಳಿಬಿಡುತ್ತೇನೆ. ನಾನು 84 ಕೆಜಿ. ಸೈಕಲ್ 8.6 ಕೆಜಿ. ಸೈಕಲ್ಲಿನದು ಪಾಯಿಂಟ್ ಸಮೇತ ಗೊತ್ತು, ನನ್ನದು ಅಂದಾಜು. ಅಂದಹಾಗೆ ನಮ್ಮ ಗುಂಪಿನಲ್ಲಿ ಸೈಕಲ್ ಅನ್ನುವಂತಿಲ್ಲ, ಬೈಕ್ ಅನ್ನಬೇಕು. ಸೈಕಲ್ ಅಂದರೆ ಪೇಪರ್ ಹಾಕುವ ಹುಡುಗರದು. ನಮ್ಮದು ಕಾರ್ಬನ್ ರೋಡ್ ಬೈಕ್, ಕಬ್ಬಿಣದ ಬದಲು ಹಗುರ ಕಾರ್ಬನ್ ಫೈಬರಿಂದು, ಅದೂ ರೇಸಿಂದು, ಅದೂ ಅಫೋರ್ಡಬಲ್. ಈ ಅಫೋರ್ಡಬಲ್‌ಗೆ ಕನ್ನಡದಲ್ಲಿ ಕೈಗೆಟಕುವ ಅಂತಾರೆ. ಎಟಕಿತು, ಸುಳ್ಳಲ್ಲ. ಚಾಚಿದ ಕೈ ಮಾತ್ರ ಇನ್ನೂ ವಾಪಸ್ ಬಂದಿಲ್ಲ.

ತಗೊಂಡ ದಿನ ಒಂದು ಲಕ್ಷದ ಅರವತ್ತು ಸಾವಿರ ಎಣಿಸಿ, ಅಂಗಡಿಯಿಂದ ಹತ್ತಿಕೊಂಡೇ ಮನೆಗೆ ಬರೋಣ ಅಂತ ಕಾಲೆತ್ತಿದೆ. ಕಾಲಿಡಲು ಜಾಗ ಇರಲಿಲ್ಲ.

"ಪೆಡಲ್ ಎಲ್ಲಪ್ಪಾ?"

"ಪೆಡಲ್ ಬೇರೆ ತಗೋಬೇಕು ಸಾರ್. ಈ ರೇಂಜಿನ ಬೈಕಿಗೆ ಕಂಪನಿಯವರು ಪೆಡಲ್ ಕೊಡಲ್ಲ."

ಅಗ್ಗದ ಸೈಕಲ್ಲಿಗೆ ಪೆಡಲ್ ಬರುತ್ತದೆ, ದುಬಾರಿ ಸೈಕಲ್ಲಿಗೆ ಬರುವುದಿಲ್ಲ. ಅಂದರೆ ದುಡ್ಡು ಇದ್ದವನಿಗೆ ಪೆಡಲ್ ಆರಿಸುವ ಸ್ವಾತಂತ್ರ್ಯ ಇರಬೇಕು ಅಂತ. ಮದುವೆಮನೆಯಲ್ಲಿ ಎಲೆ ಹಾಕಿ, ಅನ್ನ ನಿಮ್ಮಿಷ್ಟದ್ದು ತಂದುಕೊಳ್ಳಿ ಅಂದ ಹಾಗಾಯಿತು.

ಮಂಡ್ಯದಿಂದ ಬಂದಿದ್ದ ನಮ್ಮವ್ವ ಸೈಕಲ್ಲಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿತು. "ಸ್ಟ್ಯಾಂಡಿಲ್ಲ, ಕ್ಯಾರಿಯರ್ರಿಲ್ಲ, ಬೆಲ್ಲಿಲ್ಲ, ಮಡ್‌ಗಾರ್ಡಿಲ್ಲ. ಅರ್ಧ ಸಾಮಾನು ಅಂಗಡೀಲೇ ಬುಟ್ಟು ಬಂದಿದ್ದೀಯ ಕಣ್ ಮಗ. ಹೋಗಿ ಈಸ್ಕೊಂಡು ಬಾ" ಅಂದಿತು. ಇದು ಹೀಗೇ ಬರೋದು ಅಂತ ಅರ್ಧ ಗಂಟೆ ವಿವರಿಸಿದೆ. ಕೊನೆಗೆ ಪಕ್ಕದ ಮನೆಯವರಿಗೆ "ನಮ್ಮ ಹುಡುಗ ಮೋಸ ಹೋಗವ್ನೆ, ಹೇಳ್ಕೊಳಾಕೆ ನಾಚ್ಕೆ" ಅಂತ ಹೇಳುವುದು ಕೇಳಿಸಿತು.

ಪೆಡಲ್ ತಂದೆ. ಅದರಲ್ಲಿ ಶೂ ಟಕ್ ಅಂತ ಕ್ಲಿಪ್ ಆಗಿ ಅಂಟಿಕೊಳ್ಳುತ್ತದೆ. ಅದಕ್ಕೇ ಅದರ ಹೆಸರು ಕ್ಲಿಪ್‌ಲೆಸ್ ಪೆಡಲ್. ಈ ಹೆಸರು ನಾನಿಟ್ಟದ್ದಲ್ಲ, ಲೋಕವೇ ಹಾಗೆ ಕರೆಯುತ್ತದೆ. ಶೂ ಬಿಡಿಸಲು ಹಿಮ್ಮಡಿ ಹೊರಗೆ ತಿರುಗಿಸಬೇಕು. ಮೂರನೇ ದಿನ ಹೆಬ್ಬಾಳದ ಸಿಗ್ನಲ್ಲಿನಲ್ಲಿ ಬ್ರೇಕ್ ಹಾಕಿದೆ, ತಿರುಗಿಸುವುದು ಮರೆತೆ. ಕಡಿದ ಬಾಳೆಗಿಡದಂತೆ ನಿಧಾನಕ್ಕೆ, ಮರ್ಯಾದೆಯಿಂದ, ಎಡಕ್ಕೆ ಬಿದ್ದೆ. ಬಿದ್ದ ಮೇಲೂ ಕಾಲು ಪೆಡಲ್ಲಿನಲ್ಲೇ ಇತ್ತು. ಪಕ್ಕದ ಆಟೊದವರು ತಲೆ ಹೊರಹಾಕಿ, "ಏನ್ ಸಾರ್, ಬೀಳೋಕೇ ಇಷ್ಟೊಂದು ಡ್ರೆಸ್ ಮಾಡ್ಕೊಂಡು ಬಂದ್ರಾ?" ಅಂದರು. ಅವರೇ ಇಳಿದು ಬಂದು ಎತ್ತಿದರು ಅನ್ನಿ.

ಇನ್ನು ಗ್ರೂಪ್‌ಸೆಟ್. ಗೇರು, ಬ್ರೇಕು, ಚೈನು, ಪೆಡಲ್ ಸಿಕ್ಕಿಸುವ ಕ್ರ್ಯಾಂಕು ಎಲ್ಲ ಸೇರಿ ಒಂದು ಸಂಸಾರ. ನಾನು ತಗೊಂಡ ಕಾಲಕ್ಕೆ, ಇದನ್ನು ಮಾಡುವ ಶಿಮಾನೊ ಕಂಪನಿಯಲ್ಲಿ ಆರು ಮೆಟ್ಟಿಲು. ನಮ್ಮವರಿಗೆ ಅರ್ಥ ಆಗುವ ಹಾಗೆ ಹೇಳಬೇಕೆಂದರೆ, ಕ್ಲಾರಿಸ್ ಅಂದರೆ ಎಸ್‌ಡಿಎ. ಸೋರಾ ಎಫ್‌ಡಿಎ. ಟಿಯಾಗ್ರಾ ಶಿರಸ್ತೇದಾರ್. 105 ಅಂದರೆ ತಹಶೀಲ್ದಾರ್. ಅಲ್ಟೆಗ್ರಾ ಎಸಿ. ಡ್ಯುರಾ-ಏಸ್ ಸಾಕ್ಷಾತ್ ಡಿಸಿ. ಗೇರು ಬದಲಿಸುವ ಕೆಲಸ ಆರೂ ಮಾಡುತ್ತವೆ, ಆದರೆ ತಹಶೀಲ್ದಾರ್‌ಗಿಂತ ಕೆಳಗಿನವರಿಗೆ ನಮ್ಮ ಗುಂಪಿನಲ್ಲಿ ಕುರ್ಚಿ ಇಲ್ಲ. ನನ್ನದು ಟಿಯಾಗ್ರಾ. ಭಾನುವಾರ ಕಾಫಿ ಕುಡಿಯುವಾಗ ಒಬ್ಬರು ಬಗ್ಗಿ ನನ್ನ ಹಿಂದಿನ ಗೇರು ನೋಡಿದರು. "ಪರವಾಗಿಲ್ಲ ಬಾಸ್, ಶುರುವಿಗೆ ಸಾಕು" ಅಂದರು. ಆ ಸಾಕು ಅನ್ನುವ ಮಾತು ಇದೆಯಲ್ಲ, ಅದು ನನಗೆ ಎಪ್ಪತ್ತು ಸಾವಿರ ಖರ್ಚು ಮಾಡಿಸಿತು.

ಕಚೇರಿಯಲ್ಲಾದರೆ ಬಡ್ತಿಗೆ ಸೀನಿಯಾರಿಟಿ ನೋಡುತ್ತಾರೆ. ಇಲ್ಲಿ ಕಾರ್ಡ್ ಉಜ್ಜಿದರೆ ಆಯಿತು. ಆದರೆ ಒಂದನ್ನೇ ಬದಲಿಸಿ ಸುಮ್ಮನೆ ಕೂರಲು ಆಗಲ್ಲ. ಟಿಯಾಗ್ರಾಕ್ಕೆ ಹಿಂದೆ ಹತ್ತು ಹಲ್ಲುಚಕ್ರ, ಹೊಸ 105ಕ್ಕೆ ಹನ್ನೆರಡು. ಚಕ್ರ ಬಂದರೆ ಚೈನು ಬೇರೆ, ಚೈನು ಬಂದರೆ ಅದನ್ನು ಹಲ್ಲಿಂದ ಹಲ್ಲಿಗೆ ದಾಟಿಸುವ ಡಿರೇಲರ್ ಬೇರೆ, ಡಿರೇಲರ್ ಬಂದರೆ ಕೈಲಿ ಹಿಡಿಯುವ ಲಿವರ್ ಬೇರೆ. ಸೊಸೆ ಬಂದಳು ಅಂದುಕೊಂಡರೆ ಬೀಗರ ಮನೆಯೇ ಬಂದಿಳಿದಂತೆ. ಅದರಲ್ಲೂ 2022ರಲ್ಲಿ 105ಕ್ಕೂ ಕರೆಂಟಿನ ಗೇರು ಬಂತು. ತಹಶೀಲ್ದಾರ್ ಆದಮೇಲೆ ಜೀಪು ಬೇಡವಾ? ಹಾಕಿಸಿದೆ. ರಾತ್ರಿ ಸೈಕಲ್ಲನ್ನು ಚಾರ್ಜಿಗೆ ಹಾಕಿದಾಗ ಅವ್ವ ಕೇಳಿತು.

"ಕರೆಂಟಲ್ಲಿ ಓಡತದಾ?"

"ಇಲ್ಲವ್ವ, ನಾನೇ ತುಳೀಬೇಕು."

"ಮತ್ತೆ ಕರೆಂಟ್ಯಾಕೆ?"

"ಗೇರು ಬದಲಾಯಿಸೋಕೆ."

ಅವ್ವ ನನ್ನ ಬೆರಳುಗಳನ್ನು ಒಂದು ಸಲ ನೋಡಿ ಒಳಗೆ ಹೋಯಿತು.

2025ರ ಸೆಪ್ಟೆಂಬರಿನಲ್ಲಿ ಸೈಕಲ್ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿಯಿತು. ಒಳ್ಳೆಯದೇ. ಸರ್ಕಾರದ ಲೆಕ್ಕದಲ್ಲಿ ಎಳನೀರು ಮಾರುವವರ ಸೈಕಲ್ಲೂ ಒಂದೇ, ನನ್ನದೂ ಒಂದೇ. ಇಂಥ ಸಮಾನತೆ ಬೇರೆಲ್ಲೂ ಸಿಗದು. ಬಿಡಿಭಾಗಕ್ಕೂ ಇಳಿದದ್ದರಿಂದ ಉಳಿದ ದುಡ್ಡಿನಲ್ಲಿ ಕಾರ್ಬನ್ ಬಾಟಲಿ ಕೇಜು ತಗೊಂಡೆ. ಹಳೆಯದಕ್ಕಿಂತ 25 ಗ್ರಾಂ ಹಗುರ. ಅದರಲ್ಲಿ ಮುಕ್ಕಾಲು ಲೀಟರ್ ನೀರು ತುಂಬಿದ ಬಾಟಲಿ ಇಟ್ಟುಕೊಂಡು ಹೋಗುತ್ತೇನೆ.

ಇನ್ನೊಂದು ದೊಡ್ಡ ಖರ್ಚು ಚಕ್ರದ್ದು. ಕಾರ್ಬನ್ ಚಕ್ರ, ಒಂದು ಜೊತೆಗೆ 55 ಸಾವಿರ, 400 ಗ್ರಾಂ ಉಳಿತಾಯ. ನಂದಿಬೆಟ್ಟಕ್ಕೆ ಅಂತಲೇ ತಗೊಂಡಿದ್ದು. ಅಲ್ಲಿ ಕೆಳಗಿನಿಂದ ಮೇಲಿನವರೆಗೆ ಸುಮಾರು ಎಂಟು ಕಿಲೋಮೀಟರ್ ಏರು, ನನಗೆ 45 ನಿಮಿಷ ಹಿಡಿಯುತ್ತದೆ. ಹತ್ತುವಾಗ ಲೆಕ್ಕ ಸುಲಭ: ಒಟ್ಟು ತೂಕ ಎಷ್ಟು ಪಾಲು ಇಳಿಯಿತೋ ಹೆಚ್ಚುಕಮ್ಮಿ ಅಷ್ಟೇ ಪಾಲು ಸಮಯವೂ ಇಳಿಯುತ್ತದೆ. ನಾನು, ಸೈಕಲ್ಲು, ಹೆಲ್ಮೆಟ್ಟು, ಶೂ, ನೀರು ಸೇರಿ 95 ಕೆಜಿ. ಅದರಲ್ಲಿ 400 ಗ್ರಾಂ ಅಂದರೆ ಶೇಕಡಾ ಅರ್ಧವೂ ಇಲ್ಲ. 45 ನಿಮಿಷದಲ್ಲಿ 11 ಸೆಕೆಂಡು. ಸೆಕೆಂಡಿಗೆ 5 ಸಾವಿರ ರೂಪಾಯಿ! ಆ 11 ಸೆಕೆಂಡು ಮೊದಲೇ ಮೇಲೆ ತಲುಪಿ ಏನು ಮಾಡಿದೆ? ಗುಂಪು ಫೋಟೊಗೆ 25 ನಿಮಿಷ ಕಾದೆ. ಖಾರ ಹಚ್ಚಿದ ಸೌತೆಕಾಯಿ ತಗೊಂಡೆ, ಅದನ್ನು ಕೋತಿ ಕಿತ್ತುಕೊಂಡಿತು. ಇಳಿದು ಬಂದು ದೇವನಹಳ್ಳಿ ಹತ್ತಿರ ಇಡ್ಲಿ ವಡೆ, ಮೇಲೊಂದು ಮಸಾಲೆ, ಆಮೇಲೆ "ಸ್ವೀಟ್ ಏನಿದೆ?" ಅಂದು ಕೇಸರಿಬಾತು. ಚಕ್ರದಲ್ಲಿ ಇಳಿದ 400 ಗ್ರಾಂ ಅಲ್ಲೇ ಟೇಬಲ್ಲಿನಲ್ಲೇ ವಾಪಸ್ ಹತ್ತಿತು.

ನಮ್ಮ ಗುಂಪಿನ ಹಿರಿಯರೊಬ್ಬರ ಕಥೆ ಇನ್ನೂ ಮಜಾ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮ ಒಂದಿದೆ, 2000ದಿಂದ ಜಾರಿಯಲ್ಲಿದೆ: ರೇಸಿನ ಸೈಕಲ್ 6.8 ಕೆಜಿಗಿಂತ ಹಗುರ ಇರಬಾರದು. ಇವರು ಗ್ರಾಂ ಗ್ರಾಂ ಕಡಿಮೆ ಮಾಡುತ್ತಾ 6.7ಕ್ಕೆ ಬಂದುಬಿಟ್ಟರು. ಗಾಬರಿಯಾಗಿ ಮತ್ತೆ ಭಾರದ ಸೀಟು ಹಾಕಿಸಿ 6.8 ದಾಟಿಸಿದರು. ನಾಳೆ ರೇಸಿನಲ್ಲಿ ಅನರ್ಹ ಅಂದುಬಿಟ್ಟರೆ? ಈವರೆಗೆ ಅವರು ಒಂದು ರೇಸಿಗೂ ಹೆಸರು ಕೊಟ್ಟಿಲ್ಲ. ವಯಸ್ಸು 53, ಮಂಡಿ ನೋವು.

ಸಮತಟ್ಟು ರಸ್ತೆಯಲ್ಲಂತೂ ತೂಕ ಲೆಕ್ಕಕ್ಕೇ ಬರುವುದಿಲ್ಲ, ಗಾಳಿಯದ್ದೇ ಆಟ. ಆ ಗಾಳಿಗೆ ಅಡ್ಡ ಬರುವುದು ಸೈಕಲ್ಲಿಗಿಂತ ಜಾಸ್ತಿ ಸವಾರನ ಮೈ. 1972ರಲ್ಲಿ ಮೆಕ್ಸಿಕೊ ನಗರದಲ್ಲಿ ಬೆಲ್ಜಿಯಂನ ರೇಸ್ ಸವಾರ ಎಡ್ಡಿ ಮೆರ್ಕ್ಸ್ ಸ್ಟೀಲ್ ಸೈಕಲ್ಲಿನಲ್ಲಿ ಒಂದೇ ಗಂಟೆಗೆ 49.431 ಕಿಲೋಮೀಟರ್ ಹೋದರು. ನನ್ನ ಕಾರ್ಬನ್ ಸರಾಸರಿ 24, ಇಳಿಜಾರೂ ಸೇರಿ. ರೇಸಿನ ಫ್ರೇಮ್ ಮಾಡಿದವರು ಸವಾರ ಬಗ್ಗಿ ಕೂರಲಿ ಅಂತ ಮಾಡಿರುತ್ತಾರೆ. ಬಗ್ಗಿದರೆ ನನ್ನ ಹೊಟ್ಟೆಗೆ ಮಂಡಿ ತಾಗುತ್ತದೆ. ಅದಕ್ಕೆ ಹ್ಯಾಂಡಲ್ ಕೆಳಗೆ ಸ್ಪೇಸರ್ ಬಳೆಗಳನ್ನು ಒಂದರ ಮೇಲೊಂದು ಹಾಕಿಸಿ ಎತ್ತರಿಸಿದೆ. ಈಗ ತಾತ ಗದ್ದೆಗೆ ಹೋಗುವಾಗ ಕೂರುತ್ತಿದ್ದ ಹಾಗೆ ನೆಟ್ಟಗೆ ಕೂರುತ್ತೇನೆ. ಬಳೆಗಳು ಮಾತ್ರ ಕಾರ್ಬನ್ನಿನವು.

ಟೈರಿನದು ಇನ್ನೊಂದು ನಾಟಕ. ಮೊದಲು 23 ಮಿಲಿಮೀಟರ್ ಟೈರು, ಸಣ್ಣಗಿದ್ದಷ್ಟು ವೇಗ ಅಂದರು. ಆಮೇಲೆ 25. ಆಮೇಲೆ 28. ಈಗ 30, 32 ಅಗಲ ಇದ್ದರೇ ವೇಗ, ಗಾಳಿಯೂ ಕಮ್ಮಿ ಹೊಡೆಸಿ ಅಂತಾರೆ. ಹಳೇ ಫ್ರೇಮಿನಲ್ಲಿ ಅಗಲದ ಟೈರು ಹಿಡಿಸಲ್ಲ, ಹೊಸ ಫ್ರೇಮ್ ತಗೊಳ್ಳಿ. ಹೀಗೇ ಹೋದರೆ ಇನ್ನು ಹತ್ತು ವರ್ಷಕ್ಕೆ ಹಾಲಿನವರ ಸೈಕಲ್ಲಿನ ಒಂದೂವರೆ ಇಂಚಿಗೆ ಬಂದು ನಿಲ್ಲುತ್ತೇವೆ.

ನಾಲ್ಕನೇ ತಿಂಗಳಿಗೆ ಪೆಡಲ್ ತುಳಿದಾಗೆಲ್ಲ ಕಿರ್ ಕಿರ್ ಸದ್ದು. ಕ್ರ್ಯಾಂಕಿನ ಬೇರಿಂಗನ್ನು ತಿರುಪಿನ ಥ್ರೆಡ್ ಇಲ್ಲದೆ ಸುಮ್ನೆ ಒತ್ತಿ ಕೂರಿಸಿರುತ್ತಾರೆ, ಅದಕ್ಕೆ ಸದ್ದು ಅಂತ ಆಮೇಲೆ ಗೊತ್ತಾಯಿತು. ನಮ್ಮ ಬೀದಿಯ ಪಂಕ್ಚರ್ ಅಂಗಡಿಯವರಿಗೆ ತೋರಿಸಿದೆ. ಅವರು ಸ್ಪ್ಯಾನರ್ ಕೆಳಗಿಟ್ಟು ಕೈ ಒರೆಸಿಕೊಂಡು, "ಪ್ಲಾಸ್ಟಿಕ್ ಸಾರ್, ಹಿಡಿಯೋಕೆ ಭಯ" ಅಂದರು. ಭಯ ಸುಳ್ಳೇನಲ್ಲ. ಬೋಲ್ಟು 5 ನ್ಯೂಟನ್ ಮೀಟರ್ ಬಿಗಿಯಬೇಕು ಅಂತ ಬರೆದಿದ್ದರೆ ಅಷ್ಟೇ ಬಿಗಿಯಬೇಕು, ಜಾಸ್ತಿಯಾದರೆ ಚಟ್ ಅನ್ನುತ್ತದೆ. ಅದಕ್ಕೊಂದು ಬಿಗಿತ ಅಳೆಯುವ ಟಾರ್ಕ್ ವ್ರೆಂಚ್ ಬಂತು. ಒಳಗೆ ಬಿರುಕು ಬಿಟ್ಟರೆ ಕಣ್ಣಿಗೆ ಕಾಣುವುದಿಲ್ಲ, ನಾಣ್ಯದಿಂದ ತಟ್ಟಿ ಸದ್ದು ಕೇಳಬೇಕು. ಟಣ್ ಅಂದರೆ ಸರಿ, ದಬ್ ಅಂದರೆ ಅನುಮಾನ. ಪ್ರತಿ ಶನಿವಾರ ಸಂಜೆ ಬಾಲ್ಕನಿಯಲ್ಲಿ ಕೂತು, ಸಂತೆಯಲ್ಲಿ ತೆಂಗಿನಕಾಯಿ ಆರಿಸುವವನಂತೆ ಸೈಕಲ್ಲಿಗೆ ಕಿವಿಕೊಟ್ಟು ತಟ್ಟುತ್ತಿರುತ್ತೇನೆ. ಎದುರು ಫ್ಲಾಟಿನವರು ಈಗ ಕಿಟಕಿ ಮುಚ್ಚಿಕೊಳ್ಳುತ್ತಾರೆ.

ಇದನ್ನೆಲ್ಲ ಓಡಿಸುವುದು ಎಲ್ಲಿ? ಬೆಂಗಳೂರಿನಲ್ಲಂತೂ ಅಲ್ಲ. ಒಂದು ಗುಂಡಿಗೆ ಬಿದ್ದರೆ 55 ಸಾವಿರ ಹೋಯಿತು. ಅದಕ್ಕೇ ಕಾರಿನ ಹಿಂದೆ ರ್‍ಯಾಕ್ ಹಾಕಿಸಿ, ಎಂಟೂವರೆ ಕೆಜಿ ಸೈಕಲ್ಲನ್ನು ಸಾವಿರಾರು ಕೆಜಿ ಕಾರಿಗೆ ಕಟ್ಟಿ, 60 ಕಿಲೋಮೀಟರ್ ಪೆಟ್ರೋಲ್ ಸುಟ್ಟು ನಂದಿಗೆ ಹೋಗುತ್ತೇನೆ. ಅಲ್ಲಿ ನಾನೊಬ್ಬನೇ ಅಂದುಕೊಳ್ಳಬೇಡಿ. ಭಾನುವಾರ ಬೆಳಗ್ಗೆ ಬೆಟ್ಟದ ಬುಡದಲ್ಲಿ ಕಾರ್ ನಿಲ್ಲಿಸಲು ಜಾಗವಿರುವುದಿಲ್ಲ. ಎಲ್ಲರೂ ಪರಿಸರ ಉಳಿಸಲು ಬಂದವರು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಸೈಕಲ್ಲಿಗೆ ಅಂತಲೇ ಒಂದು ಲೇನ್ ಮಾಡಿದ್ದರು. ಮೊದಲು ಸ್ಕೂಟರ್‌ಗಳು ನುಗ್ಗಿದವು, ಆಮೇಲೆ ಮೆಟ್ರೊ ಕೆಲಸ ಬಂತು. ಲೇನ್ ಹೋಯಿತಲ್ಲ ಅಂತ ನಮ್ಮ ಗುಂಪಿನಲ್ಲಿ ಒಬ್ಬರೂ ತುಟಿ ಬಿಚ್ಚಲಿಲ್ಲ. ಆ ವಾರ ಸೀಟಿನ ಹಳಿ ಕಾರ್ಬನ್ ಇರಬೇಕೋ ಟೈಟೇನಿಯಂ ಇರಬೇಕೋ ಅಂತ ಜಗಳವಾಗಿ ಇಬ್ಬರು ಗುಂಪು ಬಿಟ್ಟರು.

ಮೊನ್ನೆ ಬೋಲ್ಟು ತೂಗಿದ ಆ ಭಾನುವಾರ ಬೆಟ್ಟದ ಬುಡದಲ್ಲಿ ಕಾರಿನಿಂದ ಸೈಕಲ್ ಇಳಿಸುತ್ತಿದ್ದೆ. ಡೈರಿಗೆ ಹಾಲು ಹಾಕಿ ಬರುತ್ತಿದ್ದ ಒಬ್ಬರು ನಿಂತು ನೋಡಿದರು. ಅವರದು ಮಗಳಿಗೆ ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಸೈಕಲ್. 2006-07ರಲ್ಲಿ ಶುರುವಾದ ಯೋಜನೆ ಅದು, ಕೋವಿಡ್ ಬಂದಮೇಲೆ ನಿಂತಿತು. ಮಗಳು ಡಿಗ್ರಿ ಮುಗಿಸಿದ್ದಾಳಂತೆ, ಸೈಕಲ್ ಇನ್ನೂ ಎರಡು ಕ್ಯಾನು ಹೊರುತ್ತಿದೆ. ಅಪ್‌ಗ್ರೇಡ್ ಏನಾದರೂ ಮಾಡಿಸಿದ್ದೀರಾ ಅಂತ ಕೇಳಬೇಕು ಅನ್ನಿಸಿತು. ಕ್ಯಾರಿಯರಿಗೆ ಬಿಗಿದ ಹಳೇ ಟ್ಯೂಬು ಕಾಣಿಸಿತು, ಕೇಳಲಿಲ್ಲ. ಅವರು ನನ್ನ ಸೈಕಲ್ಲನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು.

"ಬೋ ಹಗುರ ಐತೆ ಸಾಮಿ. ಏನ್ ಹೊರುತ್ತೆ ಇದು?"

"ನನ್ನನ್ನ."

ಮೇಲಿಂದ ಕೆಳಗೆ ನನ್ನನ್ನು ಒಂದು ಸಲ ನೋಡಿದರು. "ಹಂಗಾದ್ರೆ ಗಟ್ಟಿ ಐತೆ ಬಿಡಿ."

ಮನೆಗೆ ಬಂದಾಗ ಹನ್ನೊಂದಾಗಿತ್ತು. ಹೆಂಡತಿ ತಕ್ಕಡಿ ಒರೆಸಿ ಮೇಜಿನ ಮೇಲೆ ಇಟ್ಟಿದ್ದಳು. ಪಕ್ಕದಲ್ಲಿ ಒಂದು ರೇಷ್ಮೆ ಸೀರೆಯ ಡಬ್ಬಿ. "ಎಂಟ್ರಿ ಲೆವೆಲ್ ರೀ" ಅಂದಳು. "ಅಫೋರ್ಡಬಲ್. ಬ್ಲೌಸ್ ಬೇರೆ ತಗೋಬೇಕು." ನಾನೇನೂ ಮಾತಾಡಲಿಲ್ಲ. ಒಳಗಿಂದ ಅವ್ವ ಕೂಗಿತು, ಸಾರಿಗೆ ಕೊತ್ತಂಬರಿ ಸೊಪ್ಪಿಲ್ಲ, ಓಡಿ ಹೋಗಿ ಒಂದು ಕಟ್ಟು ತಾ ಅಂತ. ಅಂಗಡಿ ಅರ್ಧ ಕಿಲೋಮೀಟರ್. ಸೈಕಲ್ಲಿಗೆ ಸ್ಟ್ಯಾಂಡ್ ಇಲ್ಲ, ಸೊಪ್ಪು ಇಡಲು ಕ್ಯಾರಿಯರ್ ಇಲ್ಲ, ಹೊರಗೆ ಬಿಟ್ಟು ಒಳಗೆ ಹೋಗುವ ಧೈರ್ಯವಂತೂ ಇಲ್ಲ.

ಕಾರಿನ ಕೀ ತಗೊಂಡೆ.